ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ: ವಿಧಗಳು ಮತ್ತು ಆಯ್ಕೆ

ಅತಿಬೊಜ್ಜಿನಿಂದ ಬಳಲುವವರ ತೂಕ ಇಳಿಸಲು ಜಠರವನ್ನು ಕಿರಿದುಗೊಳಿಸುವ, ಕೆಲವೊಮ್ಮೆ ಸಣ್ಣ ಕರುಳಿನ ದಾರಿಯನ್ನೂ ಬದಲಿಸುವ ಶಸ್ತ್ರಚಿಕಿತ್ಸೆಗಳಿಗೆ ಒಟ್ಟಾಗಿ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎಂದು ಹೆಸರು. ತೂಕದ ಜೊತೆಗೆ ಮಧುಮೇಹ, ರಕ್ತದೊತ್ತಡ, ಯಕೃತ್ತಿನಲ್ಲಿ ಸೇರಿದ ಕೊಬ್ಬು, ನಿದ್ರೆಯಲ್ಲಿ ಉಸಿರುಗಟ್ಟುವಿಕೆ ಮುಂತಾದವೂ ಹತೋಟಿಗೆ ಬರುವುದರಿಂದ ಮೆಟಬಾಲಿಕ್ ಶಸ್ತ್ರಚಿಕಿತ್ಸೆ ಎಂಬ ಹೆಸರೂ ಬಳಕೆಯಲ್ಲಿದೆ. ಚರ್ಮದಡಿಯ ಕೊಬ್ಬನ್ನು ನಳಿಗೆಯಿಂದ ಹೀರಿ ತೆಗೆಯುವ ಲೈಪೊಸಕ್ಷನ್ ಈ ಗುಂಪಿಗೆ ಸೇರದು. ಅದು ಮೈಕಟ್ಟನ್ನು ತಿದ್ದುವ ಸೌಂದರ್ಯ ಚಿಕಿತ್ಸೆ. ಹಸಿವನ್ನಾಗಲಿ ಮಧುಮೇಹವನ್ನಾಗಲಿ ಮುಟ್ಟುವುದಿಲ್ಲ. ಎರಡನ್ನೂ ಒಂದೇ ಎಂದು ತಿಳಿದವರು ಇಂದಿಗೂ ಬಹಳ ಮಂದಿ ಇರುವುದರಿಂದ ಈ ಮಾತನ್ನು ಮೊದಲೇ ಹೇಳಬೇಕಾಗಿದೆ.

ಈಗ ಬಳಕೆಯಲ್ಲಿರುವ ಮುಖ್ಯ ವಿಧಗಳು ಸ್ಲೀವ್ ಗ್ಯಾಸ್ಟ್ರೆಕ್ಟಮಿ, ರೂ-ಎನ್-ವೈ ಗ್ಯಾಸ್ಟ್ರಿಕ್ ಬೈಪಾಸ್, ಒಂದೇ ಜೋಡಣೆಯ ಬೈಪಾಸ್ ಹಾಗೂ ಡುವೊಡಿನಲ್ ಸ್ವಿಚ್ ಮತ್ತು ಅದರ ಸರಳ ರೂಪ. ಯಾವುದು ಎಷ್ಟು ಕಿಲೋ ಇಳಿಸುತ್ತದೆ ಎಂಬುದೇ ರೋಗಿಗಳು ಕೇಳುವ ಮೊದಲ ಪ್ರಶ್ನೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಆಯ್ದುಕೊಂಡ ವಿಧ ಮುಂದಿನ ಮೂವತ್ತು ನಲವತ್ತು ವರ್ಷ ರೋಗಿಯಿಂದ ಏನನ್ನು ಕೇಳುತ್ತದೆ, ಅದನ್ನು ಆತ ಅಥವಾ ಆಕೆ ಕೊಡಬಲ್ಲರೇ?

ಹಿನ್ನೆಲೆ

ಬೊಜ್ಜಿಗೆ ಶಸ್ತ್ರಚಿಕಿತ್ಸೆಯ ಮೊದಲ ವ್ಯವಸ್ಥಿತ ಪ್ರಯತ್ನ ಅಮೆರಿಕದ ಮಿನಿಸೋಟದಲ್ಲಿ ನಡೆಯಿತು. 1954ರಲ್ಲಿ ಕ್ರೆಮೆನ್, ಲಿನ್ನರ್ ಮತ್ತು ಸಂಗಡಿಗರು ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ಹಾದಿಯಿಂದ ಹೊರಗಿಡುವ ವಿಧಾನವನ್ನು ವರದಿ ಮಾಡಿದರು. ತೂಕ ಇಳಿಯಿತು, ಅದರ ಬೆನ್ನಿಗೇ ಬಿಡದ ಭೇದಿ, ಮೂತ್ರಪಿಂಡದ ಕಲ್ಲು, ಕೀಲುನೋವು, ಯಕೃತ್ತಿನ ವೈಫಲ್ಯ ಬಂದವು. ಕೆಲವರು ಪ್ರಾಣ ಕಳೆದುಕೊಂಡರು. ಆ ವಿಧಾನವನ್ನು ಕೈಬಿಡಬೇಕಾಯಿತು. ತೂಕ ಎಷ್ಟು ಇಳಿಯಿತೆಂಬುದನ್ನಷ್ಟೇ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಈ ಕ್ಷೇತ್ರದ ಮೊದಲ ಅಧ್ಯಾಯವೇ ಸಾಕ್ಷಿ.

ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಬೇರೊಂದು ಜಾಡು ಹಿಡಿದರು. ಹುಣ್ಣಿನ ಕಾರಣಕ್ಕೆ ಜಠರದ ಭಾಗವನ್ನು ತೆಗೆಸಿಕೊಂಡ ಮಹಿಳೆಯರು ಮತ್ತೆ ತೂಕ ಗಳಿಸಲು ಕಷ್ಟಪಡುವುದನ್ನು ಅವರು ಗಮನಿಸಿದ್ದರು. ಚಿಕಾಶಿ ಇಟೊ ಅವರೊಡನೆ ಸೇರಿ 1967ರಲ್ಲಿ ಗ್ಯಾಸ್ಟ್ರಿಕ್ ಬೈಪಾಸನ್ನು ಪ್ರಕಟಿಸಿದರು. ಇಟಲಿಯ ಜಿನೋವಾದಲ್ಲಿ ನಿಕೋಲಾ ಸ್ಕೊಪಿನಾರೊ 1970ರ ದಶಕದ ಉತ್ತರಾರ್ಧದಲ್ಲಿ ಪಿತ್ತರಸ ಮತ್ತು ಮೇದೋಜೀರಕ ರಸಗಳ ದಾರಿಯನ್ನು ತಿರುಗಿಸುವ ಶಸ್ತ್ರಚಿಕಿತ್ಸೆಯನ್ನು ರೂಪಿಸಿದರು. ಇಂದಿನ ಡುವೊಡಿನಲ್ ಸ್ವಿಚ್ ಅದರಿಂದ ಬೆಳೆದದ್ದು. 1994ರಲ್ಲಿ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಬೈಪಾಸನ್ನು ಲ್ಯಾಪರೊಸ್ಕೊಪಿಯಿಂದ ಮಾಡಬಹುದೆಂದು ವರದಿ ಮಾಡಿದ ಮೇಲೆ ಸಣ್ಣ ರಂಧ್ರಗಳಲ್ಲೇ ಕೆಲಸ ಮುಗಿದು ದೊಡ್ಡ ಗಾಯ, ದೀರ್ಘ ಆಸ್ಪತ್ರೆವಾಸ, ಗಾಯದ ಹರ್ನಿಯಾಗಳ ಕಾಲ ಹಿಂದೆ ಸರಿಯಿತು.

ಈಗ ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಸ್ವತಂತ್ರ ಚಿಕಿತ್ಸೆಯಾಗಿ ಹುಟ್ಟಿದ್ದಲ್ಲ. ತೀರಾ ಭಾರವಾದ ರೋಗಿಗಳಿಗೆ ಡುವೊಡಿನಲ್ ಸ್ವಿಚ್ಚನ್ನು ಒಂದೇ ಸಲಕ್ಕೆ ಮಾಡುವುದು ಅಪಾಯಕರವೆಂದು ಮಿಶೆಲ್ ಗಾನ್ಯೆ ಮತ್ತು ಸಂಗಡಿಗರು ಅದನ್ನು ಎರಡು ಹಂತಗಳಾಗಿ ಒಡೆದರು: ಮೊದಲು ಜಠರ, ಕೆಲವು ತಿಂಗಳ ನಂತರ ಕರುಳು. ಮೊದಲ ಹಂತದಲ್ಲೇ ಹಲವರ ತೂಕ ಸಾಕಷ್ಟು ಇಳಿದು ಎರಡನೆಯದರ ಅಗತ್ಯ ಬೀಳಲಿಲ್ಲ.

ಮೊದಲು ಜನಪ್ರಿಯವಾಗಿ ಆಮೇಲೆ ಹಿಂದೆ ಬಿದ್ದದ್ದು ಜಠರದ ಬ್ಯಾಂಡ್. ಜಠರದ ಮೇಲ್ಭಾಗಕ್ಕೆ ಸಿಲಿಕೋನ್ ಪಟ್ಟಿ ಬಿಗಿದು, ಚರ್ಮದಡಿಯ ಬಿಲ್ಲೆಯ ಮೂಲಕ ಅದನ್ನು ಹಿಗ್ಗಿಸಿ ಕುಗ್ಗಿಸುವ ವಿಧಾನವಿದು. ಕುಯ್ಯುವುದಿಲ್ಲ, ಬೇಡವೆಂದರೆ ತೆಗೆಯಬಹುದು ಎಂಬುದು ಅದರ ಆಕರ್ಷಣೆಯಾಗಿತ್ತು. ಪಟ್ಟಿ ಜಾರುವುದು, ಜಠರದ ಗೋಡೆಯನ್ನು ಕೊರೆಯುವುದು, ತೂಕ ಸಾಲದಷ್ಟು ಇಳಿಯುವುದು ಇವೆಲ್ಲ ಸೇರಿ ಎಷ್ಟೋ ಮಂದಿ ಅದನ್ನು ತೆಗೆಸಿಕೊಂಡರು. ಈಗ ಹೊಸದಾಗಿ ಬ್ಯಾಂಡ್ ಹಾಕಿಸಿಕೊಳ್ಳಲು ಒಳ್ಳೆಯ ಕಾರಣ ಕಾಣುವುದಿಲ್ಲ.

ಕೆಲಸ ಮಾಡುವ ಬಗೆ

ಜಠರ ಚಿಕ್ಕದಾಯಿತು, ಊಟ ಕಡಿಮೆಯಾಯಿತು, ತೂಕ ಇಳಿಯಿತು ಎಂಬ ವಿವರಣೆ ಅರ್ಧ ಮಾತ್ರ ನಿಜ. ಬೈಪಾಸ್ ಆದ ಮಧುಮೇಹಿಗಳ ರಕ್ತದ ಸಕ್ಕರೆ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ತಗ್ಗುವುದನ್ನು ಉತ್ತರ ಕೆರೊಲಿನಾದ ವಾಲ್ಟರ್ ಪೋರೀಸ್ 1995ರಲ್ಲಿ ದೊಡ್ಡ ಪ್ರಮಾಣದಲ್ಲಿ ದಾಖಲಿಸಿದರು. ಹಸಿವು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಮುಖ್ಯವಾಗಿ ಜಠರದ ಮೇಲ್ಭಾಗದ ಉಬ್ಬಿನಲ್ಲಿ ಉತ್ಪತ್ತಿಯಾಗುತ್ತದೆ. ಸ್ಲೀವ್‌ನಲ್ಲಿ ಆ ಭಾಗವೇ ಹೋಗುತ್ತದೆ. ಆಹಾರ ಬೇಗನೆ ಕೆಳಗಿನ ಕರುಳನ್ನು ತಲುಪುವುದರಿಂದ ಹೊಟ್ಟೆ ತುಂಬಿತೆಂಬ ಸಂದೇಶ ಕೊಡುವ, ಇನ್ಸುಲಿನ್ ಸ್ರಾವಕ್ಕೆ ನೆರವಾಗುವ ಜಿಎಲ್‌ಪಿ-1 ಮುಂತಾದ ಹಾರ್ಮೋನುಗಳು ಹೆಚ್ಚುತ್ತವೆ. ಆದ್ದರಿಂದ ಈ ಚಿಕಿತ್ಸೆ ಪಡೆದವರನ್ನು ಬಾಯಿ ಕಟ್ಟಲಾಗದ ಸೋಮಾರಿಗಳು ಅಡ್ಡದಾರಿ ಹಿಡಿದರು ಎಂದು ಹಂಗಿಸುವುದು ಅಜ್ಞಾನ. ಹಸಿವಿನ ನಿಯಂತ್ರಣ ಬಹುಪಾಲು ಹಾರ್ಮೋನುಗಳ ಕೈಯಲ್ಲಿದೆ.

ಪ್ರಯೋಜನಕ್ಕೆ ದೀರ್ಘಾವಧಿಯ ಪುರಾವೆ ಒದಗಿಸಿದ್ದು ಸ್ವೀಡನ್. 1987ರಲ್ಲಿ ಆರಂಭವಾದ ಅಲ್ಲಿನ ಅಧ್ಯಯನ ಶಸ್ತ್ರಚಿಕಿತ್ಸೆ ಪಡೆದ 2010 ಮಂದಿಯನ್ನೂ ಸಾಮಾನ್ಯ ಚಿಕಿತ್ಸೆಯಲ್ಲಿದ್ದ 2037 ಮಂದಿಯನ್ನೂ ದಶಕಗಳ ಕಾಲ ಹಿಂಬಾಲಿಸಿತು. 2020ರಲ್ಲಿ ಪ್ರಕಟವಾದ ಲೆಕ್ಕದಂತೆ ಮೊದಲ ಗುಂಪಿನವರ ಆಯುಸ್ಸು ಸುಮಾರು 3 ವರ್ಷ ಹೆಚ್ಚು.

ನಾಲ್ಕು ವಿಧಗಳು

ಸ್ಲೀವ್‌ನಲ್ಲಿ ಬಾಯಿಯ ಮೂಲಕ ಇಳಿಸಿದ ನಳಿಗೆಯನ್ನು ಅಳತೆಗೆ ಇಟ್ಟುಕೊಂಡು, ಸ್ಟೇಪ್ಲರ್ ಯಂತ್ರದಿಂದ ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ಹೊರತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕಿರಿದಾದ ಕೊಳವೆ. ಕರುಳನ್ನು ಮುಟ್ಟುವುದಿಲ್ಲ. ಒಟ್ಟು ತೂಕದ ಕಾಲು ಭಾಗದಷ್ಟು ಇಳಿಯುವುದು ಸಾಮಾನ್ಯ. ಶಸ್ತ್ರಚಿಕಿತ್ಸೆ ಚಿಕ್ಕದು, ಪೋಷಕಾಂಶಗಳ ಕೊರತೆ ಉಳಿದವಕ್ಕಿಂತ ಕಡಿಮೆ. ಆದರೆ ತೆಗೆದ ಜಠರ ಮರಳಿ ಬರುವುದಿಲ್ಲ, ಮತ್ತು ಕೊಳವೆಯೊಳಗೆ ಒತ್ತಡ ಹೆಚ್ಚುವುದರಿಂದ ಆಮ್ಲ ಮೇಲಕ್ಕೆ ನುಗ್ಗುತ್ತದೆ.

ರೂ-ಎನ್-ವೈ ಬೈಪಾಸ್‌ನಲ್ಲಿ ಅನ್ನನಾಳದ ಕೆಳಗೆ ಸುಮಾರು 30 ಮಿಲಿಲೀಟರ್ ಹಿಡಿಯುವ ಸಣ್ಣ ಚೀಲವೊಂದನ್ನು ಬೇರ್ಪಡಿಸಿ, ಸಣ್ಣ ಕರುಳಿನ ತುಂಡನ್ನು ಮೇಲೆತ್ತಿ ಅದಕ್ಕೆ ಹೊಲಿಯುತ್ತಾರೆ. ಉಳಿದ ಜಠರ ದೇಹದಲ್ಲೇ ಇರುತ್ತದೆ, ಆಹಾರ ಮಾತ್ರ ಅದರೊಳಗೆ ಹೋಗುವುದಿಲ್ಲ. ಪಿತ್ತರಸ ಬೇರೊಂದು ಕವಲಿನಲ್ಲಿ ಹರಿದು ಕೆಳಗೆ ಆಹಾರವನ್ನು ಕೂಡಿಕೊಳ್ಳುತ್ತದೆ. ಸ್ವಿಸ್ ಶಸ್ತ್ರವೈದ್ಯ ಸೀಸರ್ ರೂ ಅವರ ಹೆಸರೂ, ಇಂಗ್ಲಿಷಿನ ವೈ ಅಕ್ಷರದಂತೆ ಕಾಣುವ ಕವಲೂ ಸೇರಿ ಇದಕ್ಕೆ ಈ ಹೆಸರು. ಒಟ್ಟು ತೂಕದ ಶೇ. 30ರ ಆಸುಪಾಸು ಇಳಿಯುತ್ತದೆ.

ಅಮೆರಿಕದ ರಾಬರ್ಟ್ ರಟ್‌ಲೆಜ್ 1997ರಲ್ಲಿ ಆರಂಭಿಸಿದ, ಮಿನಿ ಬೈಪಾಸ್ ಎಂದೂ ಕರೆಯುವ ವಿಧಾನದಲ್ಲಿ ಎರಡರ ಬದಲು ಒಂದೇ ಜೋಡಣೆ. ಭಾರತದಲ್ಲಿ ಇದಕ್ಕೆ ಒಲವು ಹೆಚ್ಚು. ಮಿನಿ ಎಂಬ ಹೆಸರು ರೋಗಿಗಳನ್ನು ದಾರಿ ತಪ್ಪಿಸುತ್ತದೆ. ಬದಿಗಿಡುವ ಕರುಳಿನ ಉದ್ದ ಇದರಲ್ಲಿ ಸಾಮಾನ್ಯ ಬೈಪಾಸ್‌ಗಿಂತ ಹೆಚ್ಚು. ಫ್ರಾನ್ಸ್‌ನಲ್ಲಿ 253 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 200 ಸೆಂಟಿಮೀಟರ್ ಕರುಳನ್ನು ಬದಿಗಿಟ್ಟಾಗ ತೂಕ ರೂ-ಎನ್-ವೈ ಬೈಪಾಸ್‌ನಷ್ಟೇ ಇಳಿಯಿತು. ಭೇದಿ ಮತ್ತು ಅಪೌಷ್ಟಿಕತೆ ಅದಕ್ಕಿಂತ ಹೆಚ್ಚಾಗಿ ಕಂಡವು. ಈಗ ಅನೇಕ ಶಸ್ತ್ರವೈದ್ಯರು ಈ ಉದ್ದವನ್ನು 150 ಸೆಂಟಿಮೀಟರಿಗೆ ಇಳಿಸಿದ್ದಾರೆ. ಜಠರದ ಚೀಲಕ್ಕೆ ಪಿತ್ತರಸ ಮರಳಿ ಹರಿಯುವ ಸಂಭವವೂ ಇದರಲ್ಲಿದೆ.

ಡುವೊಡಿನಲ್ ಸ್ವಿಚ್ ಮತ್ತು ಮ್ಯಾಡ್ರಿಡ್‌ನ ಶಸ್ತ್ರವೈದ್ಯರು 2007ರಲ್ಲಿ ಪ್ರಕಟಿಸಿದ ಅದರ ಸರಳ ರೂಪವಾದ ಸಾಡಿ, ಸ್ಲೀವ್ ಮತ್ತು ಕರುಳಿನ ದೀರ್ಘ ಬೈಪಾಸ್ ಎರಡನ್ನೂ ಸೇರಿಸಿಕೊಂಡವು. ತೂಕವನ್ನೂ ಮಧುಮೇಹವನ್ನೂ ಇಳಿಸುವುದರಲ್ಲಿ ಇವೇ ಮುಂದು. ಪ್ರೋಟೀನ್ ಕೊರತೆಯಲ್ಲೂ, ಎ, ಡಿ, ಇ, ಕೆ ವಿಟಮಿನ್‌ಗಳ ಕೊರತೆಯಲ್ಲೂ ಇವೇ ಮುಂದು. ನಿಯಮಿತ ತಪಾಸಣೆ ಖಚಿತವಿಲ್ಲದವರು ಇವುಗಳ ಗೊಡವೆಗೆ ಹೋಗಬಾರದು.

ಆಸ್ಪತ್ರೆಗಳ ಪ್ರಚಾರಪತ್ರಗಳಲ್ಲಿ ಶೇ. 65, ಶೇ. 70 ಎಂಬ ಅಂಕಿಗಳು ಕಂಡರೆ ಗಾಬರಿಯಾಗಬೇಕಿಲ್ಲ. ಅವು ಹೆಚ್ಚುವರಿ ತೂಕದ ಲೆಕ್ಕ. 165 ಸೆಂಟಿಮೀಟರ್ ಎತ್ತರ, 110 ಕಿಲೋ ತೂಕದ ವ್ಯಕ್ತಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 25ರ ಮಟ್ಟ ಸುಮಾರು 68 ಕಿಲೋ. ಹೆಚ್ಚುವರಿ 42 ಕಿಲೋ. 28 ಕಿಲೋ ಇಳಿದರೆ ಹೆಚ್ಚುವರಿ ತೂಕದ ಮೂರನೇ ಎರಡು ಭಾಗ ಹೋಯಿತು ಎನ್ನಬಹುದು, ಒಟ್ಟು ತೂಕದ ಕಾಲು ಭಾಗ ಹೋಯಿತು ಎಂದೂ ಹೇಳಬಹುದು. ಯಾವ ಲೆಕ್ಕವೆಂದು ಕೇಳಿ ತಿಳಿಯಬೇಕು.

ಆಯ್ಕೆಯನ್ನು ನಿರ್ಧರಿಸುವ ಸಂಗತಿಗಳು

ಎದೆಯುರಿ, ಹುಳಿತೇಗು ಇದ್ದವರಿಗೆ ಉತ್ತರ ಹೆಚ್ಚುಕಡಿಮೆ ಸ್ಪಷ್ಟವಾಗಿದೆ: ಬೈಪಾಸ್. ಸ್ವಿಟ್ಜರ್ಲೆಂಡಿನಲ್ಲಿ ಸ್ಲೀವ್ ಮತ್ತು ಬೈಪಾಸ್‌ಗಳನ್ನು ಹೋಲಿಸಿದ ಪ್ರಯೋಗವೊಂದರಲ್ಲಿ 5 ವರ್ಷಗಳ ನಂತರ ಈ ತೊಂದರೆ ಉಲ್ಬಣಿಸಿದ್ದು ಸ್ಲೀವ್ ಆದವರಲ್ಲಿ ಶೇ. 31.8, ಬೈಪಾಸ್ ಆದವರಲ್ಲಿ ಶೇ. 6.3. ಫಿನ್ಲೆಂಡಿನ 240 ರೋಗಿಗಳ ಪ್ರಯೋಗದಲ್ಲಿ 10 ವರ್ಷಗಳ ನಂತರ ಎಂಡೋಸ್ಕೊಪಿ ಮಾಡಿದಾಗ ಅನ್ನನಾಳದ ಉರಿಯೂತ ಸ್ಲೀವ್ ಗುಂಪಿನಲ್ಲಿ ಶೇ. 31, ಬೈಪಾಸ್ ಗುಂಪಿನಲ್ಲಿ ಶೇ. 7 ಕಂಡಿತು. ಅನ್ನನಾಳದ ಒಳಪದರ ಕ್ಯಾನ್ಸರಿಗೆ ಮುಂಚಿನ ರೀತಿಯಲ್ಲಿ ಬದಲಾಗಿದ್ದರೆ ಬೈಪಾಸನ್ನೇ ಶಿಫಾರಸು ಮಾಡುತ್ತಾರೆ. ಮಾತ್ರೆ ನುಂಗಿ ಎದೆಯುರಿಯನ್ನು ಅಡಗಿಸಿಕೊಂಡವರು ಅದನ್ನು ರೋಗವೆಂದೇ ಎಣಿಸದೆ ವೈದ್ಯರಿಗೆ ಹೇಳುವುದನ್ನು ಮರೆಯುತ್ತಾರೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲು ಎಂಡೋಸ್ಕೊಪಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಮಧುಮೇಹದ ವಿಷಯದಲ್ಲಿ ಬೈಪಾಸ್ ತುಸು ಮೇಲು, ಆದರೆ ಅಂತರ ಜನ ಭಾವಿಸುವಷ್ಟಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 150 ಮಧುಮೇಹಿಗಳ ಮೇಲೆ ನಡೆದ ಪ್ರಯೋಗದಲ್ಲಿ 5 ವರ್ಷಗಳ ಬಳಿಕ ಮೂರು ತಿಂಗಳ ಸಕ್ಕರೆ ಸರಾಸರಿಯನ್ನು ಶೇ. 6 ಅಥವಾ ಅದಕ್ಕಿಂತ ಕೆಳಗೆ ಇಟ್ಟುಕೊಂಡವರು ಬೈಪಾಸ್‌ನಲ್ಲಿ ಶೇ. 29, ಸ್ಲೀವ್‌ನಲ್ಲಿ ಶೇ. 23, ಬರೀ ಔಷಧಿಯಲ್ಲಿ ಶೇ. 5. ವಿಧಕ್ಕಿಂತಲೂ ಮುಖ್ಯವಾದದ್ದು ಕಾಯಿಲೆಯ ವಯಸ್ಸು. ಹತ್ತು ವರ್ಷಕ್ಕೂ ಮೀರಿ ಮಧುಮೇಹವಿದ್ದು ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರಲ್ಲಿ ಮೇದೋಜೀರಕ ಗ್ರಂಥಿಯ ಶಕ್ತಿ ಕುಂದಿರುತ್ತದೆ. ಯಾವ ವಿಧವನ್ನು ಆಯ್ದರೂ ಮಾತ್ರೆಯಿಂದ ಪೂರ್ಣ ಬಿಡುಗಡೆ ಸಿಗುವುದು ಕಷ್ಟ. ಎಲ್ಲ ಉಪಾಯಗಳೂ ಸೋತ ಮೇಲೆ ಶಸ್ತ್ರಚಿಕಿತ್ಸೆ ಎಂದು ವರ್ಷಗಟ್ಟಲೆ ಕಾಯಿಸುವುದು ಇಂಥವರಿಗೆ ಅನ್ಯಾಯ ಮಾಡಿದಂತೆ.

ಭಾರತದ ರೋಗಿಗಳ ಮಟ್ಟಿಗೆ ಮೂರನೆಯ ಸಂಗತಿಯೇ ಎಲ್ಲಕ್ಕಿಂತ ದೊಡ್ಡದು: ರಕ್ತ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ದಪ್ಪಗಿದ್ದವರಿಗೆ ರಕ್ತ ಚೆನ್ನಾಗಿರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ; ಬೈಪಾಸ್ ಬದಿಗಿಡುವುದು ಅದನ್ನೇ. ಬಿ12 ಹೀರಿಕೆಗೆ ಜಠರದ ಗೋಡೆ ಸ್ರವಿಸುವ ಅಂಶ ಬೇಕು. ಸ್ಲೀವ್‌ನಲ್ಲೂ ಬೈಪಾಸ್‌ನಲ್ಲೂ ಅದಕ್ಕೆ ಪೆಟ್ಟು. ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ತಳ ಕಂಡಿರುತ್ತದೆ. ಮುಟ್ಟಿನ ರಕ್ತಸ್ರಾವ ಹೆಚ್ಚಿರುವ ಸಸ್ಯಾಹಾರಿ ಯುವತಿಗೆ ಎದೆಯುರಿ ಇಲ್ಲ, ಮಧುಮೇಹ ಹೊಸದು ಎಂದಾದರೆ ನಾಲ್ಕೈದು ಕಿಲೋ ಹೆಚ್ಚು ಇಳಿಸುವ ಬೈಪಾಸ್‌ಗಿಂತ ಸ್ಲೀವ್ ಹೊಂದುತ್ತದೆ ಎಂಬುದು ಈ ಲೇಖಕರ ಅಭಿಪ್ರಾಯ. ಕಬ್ಬಿಣದ ದಾಸ್ತಾನನ್ನು ತೋರುವ ಫೆರಿಟಿನ್, ಬಿ12, ವಿಟಮಿನ್ ಡಿ ಪರೀಕ್ಷೆಗಳ ವರದಿ ಕೈಯಲ್ಲಿಲ್ಲದೆ ಶಸ್ತ್ರಚಿಕಿತ್ಸೆಯ ವಿಧವನ್ನು ತೀರ್ಮಾನಿಸುವುದು ಸರಿಯಲ್ಲ.

ನಂತರ ಸೇವಿಸಬೇಕಾದ್ದು ಅಲ್ಪವೇನಲ್ಲ. ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ, ಮಾತ್ರೆ ಅಥವಾ ತಿಂಗಳ ಚುಚ್ಚುಮದ್ದಿನ ರೂಪದಲ್ಲಿ ಬಿ12, ಡಿ3, ಬಹುವಿಟಮಿನ್, ಮುಟ್ಟಾಗುವ ಮಹಿಳೆಯರಿಗೂ ಬೈಪಾಸ್ ಆದವರಿಗೂ 45ರಿಂದ 60 ಮಿಲಿಗ್ರಾಂ ಕಬ್ಬಿಣ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆಯಾದರೂ ಅಂತರವಿರಬೇಕು. ಕಾಫಿ, ಚಹಾದ ಜೊತೆ ಕಬ್ಬಿಣ ನುಂಗಿದರೆ ಪ್ರಯೋಜನ ಕಡಿಮೆ. ದಿನಕ್ಕೆ 60 ಗ್ರಾಂಗೆ ಕಡಿಮೆಯಿಲ್ಲದಂತೆ ಪ್ರೋಟೀನ್ ಬೇಕು. ಅನ್ನ ಸಾರು, ಚಿತ್ರಾನ್ನ, ಉಪ್ಪಿಟ್ಟುಗಳ ಊಟದಲ್ಲಿ ಅದು ಒದಗುವುದಿಲ್ಲ. ಮೊಟ್ಟೆ, ಮೊಸರು, ಪನೀರ್, ಕಾಳುಗಳನ್ನು ತಟ್ಟೆಯಲ್ಲಿ ಮೊದಲು ತಿನ್ನುವ ಅಭ್ಯಾಸ ಬೇಕು. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ರೂಢಿ. ಕಿರಿದಾದ ಜಠರಕ್ಕೆ ಅದು ಸಲ್ಲದು, ಪ್ರತಿ ತುತ್ತನ್ನೂ ಅಗಿದು ನುಣ್ಣಗೆ ಮಾಡಿಯೇ ಇಳಿಸಬೇಕು. ಬೈಪಾಸ್ ಆದವರು ಹೋಳಿಗೆ, ಪಾಯಸ, ಕಬ್ಬಿನಹಾಲು ಸೇವಿಸಿದರೆ ಸಕ್ಕರೆ ಒಮ್ಮೆಲೇ ಕರುಳಿಗೆ ನುಗ್ಗಿ ಬೆವರು, ಎದೆಬಡಿತ, ತಲೆಸುತ್ತು, ಭೇದಿ ಕಾಣಿಸಬಹುದು.

ಬೀಡಿ ಸಿಗರೇಟು ಸೇದುವವರಿಗೂ ಮಂಡಿನೋವಿಗೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಬಿಡಲಾಗದವರಿಗೂ ಬೈಪಾಸ್ ಅಪಾಯಕರ. ಜೋಡಣೆಯ ಜಾಗದಲ್ಲಿ ಹುಣ್ಣಾಗಿ ತೂತು ಬೀಳಬಹುದು. ಬೈಪಾಸ್ ನಂತರ ಮದ್ಯ ಬೇಗ ರಕ್ತಕ್ಕೇರುತ್ತದೆ, ಚಟವಾಗುವ ಸಂಭವವೂ ಹೆಚ್ಚುತ್ತದೆ. ಇದನ್ನು ರೋಗಿಯ ಮನೆಯವರಿಗೂ ಮೊದಲೇ ತಿಳಿಸಬೇಕು. ಜಠರದ ಕ್ಯಾನ್ಸರ್ ಹೆಚ್ಚಿರುವ ಜಪಾನ್, ಕೊರಿಯಾಗಳಲ್ಲಿ ಸ್ಲೀವ್‌ಗೆ ಆದ್ಯತೆ ಕೊಡಲು ಒಂದು ಕಾರಣ, ಬೈಪಾಸ್‌ನಲ್ಲಿ ಬದಿಗುಳಿದ ಜಠರವನ್ನು ಸಾಮಾನ್ಯ ಎಂಡೋಸ್ಕೊಪಿ ತಲುಪುವುದಿಲ್ಲ. ಗರ್ಭ ಧರಿಸಲು ಬಯಸುವವರು ಯಾವ ವಿಧದ ನಂತರವೂ 12ರಿಂದ 18 ತಿಂಗಳು ಕಾಯಬೇಕು.

ಇಷ್ಟಾದ ಮೇಲೂ ಉಳಿಯುವುದು ಶಸ್ತ್ರವೈದ್ಯರ ಕೈ. ಒಬ್ಬರು ನಿತ್ಯ ಮಾಡುವ ಸ್ಲೀವ್, ಅವರೇ ವರ್ಷಕ್ಕೆರಡು ಬಾರಿ ಮಾಡುವ ಡುವೊಡಿನಲ್ ಸ್ವಿಚ್‌ಗಿಂತ ರೋಗಿಗೆ ಕ್ಷೇಮ. ಎಷ್ಟು ಮಾಡಿದ್ದೀರಿ, ಎಷ್ಟರಲ್ಲಿ ಸೋರಿಕೆಯಾಗಿದೆ ಎಂದು ಕೇಳುವುದು ಅಗೌರವವಲ್ಲ.

ಅಪಾಯಗಳು

ಅಮೆರಿಕದ ಹತ್ತು ಆಸ್ಪತ್ರೆಗಳ 4776 ರೋಗಿಗಳ ದಾಖಲೆಯಲ್ಲಿ 30 ದಿನಗಳೊಳಗಿನ ಸಾವು ಶೇ. 0.3. ಸ್ಟೇಪಲ್ ಸಾಲಿನ ಸೋರಿಕೆ, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಆರಂಭದ ಮುಖ್ಯ ಅಪಾಯಗಳು. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುವುದರಿಂದ ಆರು ತಿಂಗಳು ಅದಕ್ಕೆ ಔಷಧಿ ಕೊಡುವ ಪದ್ಧತಿಯಿದೆ.

ಎರಡು ತುರ್ತುಗಳನ್ನು ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ವೈದ್ಯರೂ ತಿಳಿದಿರಬೇಕು. ಬೈಪಾಸ್ ಆಗಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ತಟ್ಟನೆ ಹೊಟ್ಟೆ ಹಿಂಡಿದಂತೆ ನೋವು ಬಂದರೆ ಕರುಳು ಒಳಗಿನ ಸಂದಿಯೊಂದರಲ್ಲಿ ಸಿಕ್ಕಿರಬಹುದು; ಎಕ್ಸ್‌-ರೇ ಸರಿಯಿದೆಯೆಂದು ಮನೆಗೆ ಕಳಿಸದೆ ಸಿ.ಟಿ. ಮಾಡಿಸಬೇಕು. ಯಾವ ವಿಧದ ನಂತರವಾದರೂ ವಾಂತಿ ನಿಲ್ಲದಿದ್ದರೆ ಥಯಾಮಿನ್ (ವಿಟಮಿನ್ ಬಿ1) ಬತ್ತಿ ಮಿದುಳಿಗೆ ಹಾನಿಯಾಗುತ್ತದೆ. ದೃಷ್ಟಿ ಎರಡಾಗುವುದು, ನಡಿಗೆ ತಪ್ಪುವುದು, ಗೊಂದಲ ಅದರ ಲಕ್ಷಣ. ಥಯಾಮಿನ್ ಕೊಡದೆ ಗ್ಲೂಕೋಸ್ ಬಾಟಲಿ ಏರಿಸಿದರೆ ಹಾನಿ ಹೆಚ್ಚುತ್ತದೆ. ಈ ಕಾರಣಕ್ಕೇ, ಆದ ಶಸ್ತ್ರಚಿಕಿತ್ಸೆಯ ವಿಧ, ದಿನಾಂಕ, ಬದಿಗಿಟ್ಟ ಕರುಳಿನ ಉದ್ದ ಬರೆದ ಚೀಟಿ ರೋಗಿಯ ಬಳಿ ಸದಾ ಇರಬೇಕು.

ಔಷಧಿಗಳ ಪೈಪೋಟಿ

ಸೆಮಾಗ್ಲುಟೈಡ್ ಚುಚ್ಚುಮದ್ದಿನಿಂದ 68 ವಾರಗಳಲ್ಲಿ ಸರಾಸರಿ ಶೇ. 14.9, ಟಿರ್ಜೆಪಟೈಡ್‌ನ ಗರಿಷ್ಠ ಪ್ರಮಾಣದಿಂದ 72 ವಾರಗಳಲ್ಲಿ ಶೇ. 20.9 ತೂಕ ಇಳಿದದ್ದು ಪ್ರಯೋಗಗಳಲ್ಲಿ ದಾಖಲಾಗಿದೆ. ತೂಕ ಇಳಿಸುವ ಚಿಕಿತ್ಸೆಯಾಗಿ ಈ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ 2025ರಲ್ಲಿ ಕಾಲಿಟ್ಟವು. ಸ್ಲೀವ್ ಕೊಡುವ ಫಲಕ್ಕೆ ಇವು ಹತ್ತಿರ ಬಂದಿವೆ. ಚುಚ್ಚುಮದ್ದು ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುತ್ತದೆ. ಬಿಎಂಐ 35ರ ಕೆಳಗಿದ್ದು ತೀವ್ರ ಕಾಯಿಲೆಗಳಿಲ್ಲದವರು ಮೊದಲು ಔಷಧಿಯನ್ನು ಪ್ರಯತ್ನಿಸುವುದು ವಿವೇಕ. ಶಸ್ತ್ರಚಿಕಿತ್ಸೆಯ ವರ್ಷಗಳ ನಂತರ ತೂಕ ಮರಳತೊಡಗಿದವರಿಗೂ ಇವು ನೆರವಾಗುತ್ತಿವೆ.

ಅರ್ಹತೆ ಮತ್ತು ವಿಮೆ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1991ರಲ್ಲಿ ಬಿಎಂಐ 40, ಕಾಯಿಲೆಗಳಿದ್ದರೆ 35 ಎಂಬ ಗಡಿ ಹಾಕಿತು. 2022ರಲ್ಲಿ ಅಂತರರಾಷ್ಟ್ರೀಯ ತಜ್ಞ ಸಂಘಗಳು ಅದನ್ನು 35 ಮತ್ತು 30ಕ್ಕೆ ಇಳಿಸಿದವು. ಅದೇ ಬಿಎಂಐನಲ್ಲಿ ಭಾರತೀಯರ ಹೊಟ್ಟೆಯೊಳಗಿನ ಕೊಬ್ಬು ಯುರೋಪಿಯನ್ನರಿಗಿಂತ ಹೆಚ್ಚು, ಮಧುಮೇಹವೂ ಬೇಗ ಬರುತ್ತದೆ. ಹಾಗಾಗಿ ನಮ್ಮಲ್ಲಿ 1991ರ ಗಡಿಗಿಂತ ಕೆಳಗಿನ 37.5, ಕಾಯಿಲೆಗಳಿದ್ದರೆ 32.5 ಎಂಬ ಗಡಿ 2022ಕ್ಕೂ ಹಿಂದಿನಿಂದಲೇ ಬಳಕೆಯಲ್ಲಿದೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ಏಕರೂಪದ ಷರತ್ತು ಇಂದಿಗೂ 40 ಮತ್ತು 35ನ್ನೇ ಕೇಳುತ್ತದೆ. 165 ಸೆಂಟಿಮೀಟರ್ ಎತ್ತರದ ಮಧುಮೇಹಿ 89 ಕಿಲೋ ತೂಗಿದಾಗ ವೈದ್ಯರ ದೃಷ್ಟಿಯಲ್ಲಿ ಅರ್ಹ. ವಿಮೆಯ ದೃಷ್ಟಿಯಲ್ಲಿ ಅರ್ಹನಾಗಲು ಅವನು ಇನ್ನೂ ಆರೇಳು ಕಿಲೋ ದಪ್ಪಗಾಗಬೇಕು. ಈ ಷರತ್ತನ್ನು ಭಾರತೀಯ ಮಾನದಂಡಕ್ಕೆ ತಕ್ಕಂತೆ ತಿದ್ದಬೇಕಾದ್ದು ತುರ್ತಿನ ಕೆಲಸ.

ವಿಮೆ ಸಿಕ್ಕರೂ ಅದು ಭರಿಸುವುದು ಆಸ್ಪತ್ರೆಯ ಬಿಲ್ಲನ್ನು. ಜೀವನಪೂರ್ತಿ ನುಂಗಬೇಕಾದ ವಿಟಮಿನ್, ವರ್ಷವರ್ಷದ ರಕ್ತಪರೀಕ್ಷೆ, ಬೆಂಗಳೂರಿಗೋ ಹುಬ್ಬಳ್ಳಿಗೋ ತಪಾಸಣೆಗೆ ಹೋಗಿಬರುವ ಖರ್ಚು ಬಹುತೇಕ ಪಾಲಿಸಿಗಳಲ್ಲಿ ಬರುವುದಿಲ್ಲ. ಯಾವ ವಿಧವೆಂದು ತೀರ್ಮಾನಿಸುವ ಮೊದಲು ಆ ವಾರ್ಷಿಕ ಖರ್ಚಿನ ಪಟ್ಟಿಯನ್ನು ಆಸ್ಪತ್ರೆಯಿಂದ ಬರಹದಲ್ಲಿ ಕೇಳಿ ಪಡೆದುಕೊಳ್ಳಿ.